ಬೋರಹಿಪ್ಪರಗಿ ಹಾಲ್ಟಿನ ಎರಡು ವೀಳ್ಯ

ಎಳ್ಳಮಾಸಿಯ ಹೊಲದ ಹಬ್ಬ ಕಳೆದು ವಾರವಾಗಿತ್ತು. ಬೋರಹಿಪ್ಪರಗಿಯ ಕರಿನೆಲದಲ್ಲಿ ಬಿಳಿಜೋಳ ಇನ್ನೂ ಹಸಿರಾಗಿ ತೆನೆ ಬಿಚ್ಚುತ್ತಿತ್ತು. ತೊಗರಿ ಮಾತ್ರ ಒಣಗಿ, ಕೊಯ್ಲು ಮುಗಿದು, ಕಣಕ್ಕೆ ಬಂದು ಬಿದ್ದಿತ್ತು. ರೈಲು ಹಳಿಯ ಆಚೆಗಿದ್ದ ಸಾತಲಿಂಗಪ್ಪನ ಕಣದಲ್ಲಿ ಬೆಳಗಿನಿಂದ ರಾಶಿಯಂತ್ರ ಒದರುತ್ತಿತ್ತು. ಆಳುಗಳು ಮುಖಕ್ಕೆ ಟವೆಲು ಸುತ್ತಿಕೊಂಡು ತೊಗರಿ ಕಟ್ಟಿಗೆಯನ್ನು ಯಂತ್ರದ ಬಾಯಿಗೆ ತುರುಕುತ್ತಿದ್ದರು. ಹೆಂಗಸರು ಕೆಳಗೆ ಬುಟ್ಟಿ ಒಡ್ಡಿ ಕಾಳು ಹಿಡಿಯುತ್ತಿದ್ದರು. ಸಾತಲಿಂಗಪ್ಪ ಟ್ರ್ಯಾಕ್ಟರಿನ ಪಕ್ಕದಲ್ಲಿ ನಿಂತು, ಆ ಸದ್ದಿನಲ್ಲಿ ಯಾರಿಗೂ ಕೇಳಿಸದ ಸೂಚನೆಗಳನ್ನು ಎಲ್ಲರಿಗೂ ಕೊಡುತ್ತಿದ್ದ.

ಮಧ್ಯಾಹ್ನದ ಹೊತ್ತಿಗೆ ಯಂತ್ರದ ಬೆಲ್ಟು ಹರಿಯಿತು. ಮೂರು ದಿನದಿಂದ ಕಣ ಬಿಟ್ಟು ಕದಲದ ಸಾತಲಿಂಗಪ್ಪನಿಗೆ ಗಂಟಲೊಳಗೆ ತೊಗರಿಯ ಹೊಟ್ಟು ಕೂತು ಕೆರೆಯುತ್ತಿತ್ತು. ಸೊಂಟದ ಚಂಚಿ ಬಿಚ್ಚಿ ನೋಡಿದರೆ ಅದರಲ್ಲಿ ಒಂದು ಎಲೆಯೂ ಇಲ್ಲ, ಡಬ್ಬಿಯ ಸುಣ್ಣ ಒಣಗಿ ಬಿರುಕು ಬಿಟ್ಟಿದೆ. ಬೆಲ್ಟು ತರಲು ಒಬ್ಬನನ್ನು ಅಕ್ಕಲಕೋಟೆಗೆ ಅಟ್ಟಿ, ತಾನು ಎಲೆ ಅಡಿಕೆ ಹುಡುಕಿಕೊಂಡು ಊರ ಕಡೆಗೆ ನಡೆದ.

ಸಾತಲಿಂಗಪ್ಪನ ಎರಡು ಗುಣಗಳನ್ನು ಇಲ್ಲಿಯೇ ಹೇಳಿಬಿಡುವುದು ಒಳ್ಳೆಯದು. ಒಂದು, ಯಾರು ಏನೇ ಹೇಳಿದರೂ ಮೊದಲು 'ಹೂಂ' ಅನ್ನುತ್ತಿದ್ದ, ಅವರು ಹೇಳಿದ್ದೇನೆಂದು ಆಮೇಲೆ ವಿಚಾರ ಮಾಡುತ್ತಿದ್ದ. ಎರಡು, ಅವನ ಬಾಯಿ ದೊಡ್ಡದು. ಒಂದು ವೀಳ್ಯ ಅದರ ಒಂದು ದವಡೆಗೂ ಸಾಲುತ್ತಿರಲಿಲ್ಲ. ಈ ಎರಡು ಗುಣಗಳಿಂದ ಇಲ್ಲಿಯತನಕ ಯಾರಿಗೂ ಅಪಾಯವಾಗಿರಲಿಲ್ಲ.

ಹನುಮಂತ ದೇವರ ಗುಡಿಯ ಮುಂದೆ ಊರೇ ಕೂತಿತ್ತು. ಯಾಕೆ ಕೂತಿದೆ ಎಂಬುದು ಸಾತಲಿಂಗಪ್ಪನಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ಗುಡಿಯ ಹಿಂದಿನ ಓಣಿಯಿಂದ ಹೋಗುತ್ತಿದ್ದ.

ಸಂಗತಿ ಇಷ್ಟು. ಮುಂಜಾನೆ ಸೊಲ್ಲಾಪುರಕ್ಕೆ ಹೋಗಿ ಸಂಜೆ ಹಿಂತಿರುಗುವ ಪ್ಯಾಸೆಂಜರ್ ರೈಲನ್ನು ಒಂದು ಕಂಪನಿಗೆ ಕೊಡಬೇಕೋ, ಸರಕಾರವೇ ಓಡಿಸಬೇಕೋ ಎಂದು ನೋಡಲು ಒಂದು ಕಮಿಟಿ ಆಗಿತ್ತು. ರೈಲು ಒಂದು ಗಳಿಗೆ ನಿಲ್ಲುವ ಬೋರಹಿಪ್ಪರಗಿಯಂಥ ಸಣ್ಣ ಸಣ್ಣ ಹಾಲ್ಟುಗಳನ್ನು ಇಟ್ಟುಕೊಳ್ಳಬೇಕೋ ತೆಗೆಯಬೇಕೋ ಎನ್ನುವುದೂ ಅದರ ಕೈಯಲ್ಲೇ ಇತ್ತು. ಗುರುವಾರ ಮುಂಜಾನೆ ಕಮಿಟಿಯ ಇಬ್ಬರು, ಸರಕಾರದ ಕಡೆಯ ಒಬ್ಬರು ಕಂಪನಿಯ ಕಡೆಯ ಒಬ್ಬರು, ಅದೇ ರೈಲಿನಲ್ಲಿ ಬರುತ್ತಾರೆ, ಪ್ರತಿ ಹಾಲ್ಟಿನಲ್ಲಿ ಕೆಳಗಿಳಿದು ಊರಿನ ಒಬ್ಬರ ಮಾತು ಕೇಳುತ್ತಾರೆ, ಒಬ್ಬರದು ಮಾತ್ರ, ಎಂದು ಪಂಚಾಯತಿಗೆ ಫೋನು ಬಂದಿತ್ತು. ಆ ಒಬ್ಬರು ಯಾರು, ಅವರು ಆಡಬೇಕಾದ ಮಾತು ಯಾವುದು, ಎಂದು ತೀರ್ಮಾನಿಸಲು ಊರು ಬೆಳಗಿನಿಂದ ಕೂತಿತ್ತು. ತೀರ್ಮಾನದ ಬದಲು ಎರಡು ಪಕ್ಷಗಳಾಗಿದ್ದವು.

ಖಾಸಗಿ ಪಕ್ಷಕ್ಕೆ ಅಣ್ಣಾರಾಯ ಮುಂದಾಳು. ಸಾತಲಿಂಗಪ್ಪನ ಹೆಂಡತಿಯ ತಮ್ಮ. ಸೊಲ್ಲಾಪುರ ರಸ್ತೆಯ ಮೇಲೆ ಅವನ ಎರಡು ಜೀಪು ಓಡುತ್ತಿದ್ದವು.

"ನನ್ನ ಜೀಪಿನ ಲೈಟ್ ಹೋದ್ರ ಸಂಜಿಗಂದ್ರ ಹಾಕಸ್ತೀನಿ," ಎಂದು ಅವನು ಕೈ ಎತ್ತಿ ಹೇಳುತ್ತಿದ್ದ. "ಆ ಪ್ಯಾಸೆಂಜರಿನ ಸಂಡಾಸದ ಬಾಗಿಲಾ ಮುರದು ಎಷ್ಟ ವರ್ಷ ಆತು? ಕೇಳಿದ್ರ ಮುಂಬೈಕ ಬರದೀವಿ ಅಂತಾರ. ಬಾಗಿಲಾ ಮುಂಬೈದಾಗ ಮುರದದೇನು? ಗಾಡಿಗೆ ಒಬ್ಬ ಮಾಲಕ ಬೇಕು. ಖಾಸಗಿ ಆಗ್ಲಿ!"

ಸರಕಾರಿ ಪಕ್ಷಕ್ಕೆ ಸಿದ್ದರಾಮಪ್ಪ. ಹಳಿ ಕಾಯುವ ಕೆಲಸ ಮಾಡಿ ಪಿಂಚಣಿ ತಿನ್ನುವ ಮುದುಕ.

"ನಿನ್ನ ಜೀಪ ಮಂದಿ ತುಂಬಿ ತುಳಕೂತನಕ ಹೊಂಡೂದಿಲ್ಲ," ಎಂದು ಸಿದ್ದರಾಮಪ್ಪ ಕೂತಲ್ಲಿಂದಲೇ ಅಂದ. "ಕಡೀಕ ಹತ್ತಿದವನ ಕಾಲ ಹೊರಗ ಇರ್ತಾವ, ದಾರ್‍ಯಾಗಿನ ನಾಯಿ ಮೂಸಿ ನೋಡ್ತಾವ. ರೈಲ ಹಂಗಲ್ಲೋ ತಮ್ಮಾ. ಒಬ್ಬನೂ ಹತ್ತದಿದ್ರೂ ಹೊಂಡತದ. ನಿನ್ನ ಕಂಪನಿಯಾವ ಒಂದ್ ರೊಟ್ಟಿ ಬುಟ್ಟಿ ಸಲುವಾಗಿ ಬೋರಹಿಪ್ಪರಗ್ಯಾಗ ಬ್ರೇಕ್ ಹಾಕ್ತಾನೇನು?"

"ಅಣ್ಣಾರಾಯನ ಲೆಕ್ಕಾನ ಬ್ಯಾರೆ ಅದ ಕಾಕಾ," ಎಂದು ಹೆಂಗಸರ ಕಡೆಯಿಂದ ಸೋಮವ್ವ ಕೂಗಿದಳು. ಸೋಮವ್ವನ ಬಾಯಿಗೆ ಊರಲ್ಲಿ ಪಕ್ಷವಿರಲಿಲ್ಲ. "ಕಂಪನಿ ಬಂದು ಟಿಕೀಟ ಏರಸ್ತದ, ಮಂದಿ ರೈಲ ಬಿಟ್ಟು ಇವನ ಜೀಪಿಗೆ ಜೋತಬೀಳ್ತಾರ!"

ಅಲ್ಲಿಂದ ಮಾತು ಜೀಪು, ರೈಲು ಬಿಟ್ಟು ಅವರವರ ಅಜ್ಜಂದಿರ ತನಕ ಹೋಯಿತು. ಕೊನೆಗೆ ಪೂಜಾರಿ ಶಾಂತಲಿಂಗಪ್ಪ ಹಳೆಯ ಪದ್ಧತಿಯನ್ನು ಎತ್ತಿದ. ಆ ಕಡೆಯ ಊರುಗಳಲ್ಲಿ ಯಾರೂ ಮುಂದೆ ಬಾರದ ಕೆಲಸವಿದ್ದರೆ ದೇವರ ಮುಂದಿನ ತಟ್ಟೆಯಲ್ಲಿ ವೀಳ್ಯ ಇಡುತ್ತಾರೆ. ಎತ್ತಿ ಬಾಯಿಗೆ ಹಾಕಿಕೊಂಡವನು ಆ ಕೆಲಸಕ್ಕೆ ಕಟ್ಟುಬಿದ್ದ. ಶಾಂತಲಿಂಗಪ್ಪ ಒಂದೇ ತಟ್ಟೆಯಲ್ಲಿ ಎರಡು ವೀಳ್ಯ ಇಟ್ಟ. ಬಲಗಡೆಯದು ಸರಕಾರಿ, ಎಡಗಡೆಯದು ಖಾಸಗಿ. ಯಾವುದನ್ನು ಎತ್ತುತ್ತಾರೋ ಕಮಿಟಿಯ ಮುಂದೆ ಆ ಮಾತು ಆಡಬೇಕು.

ಅದಾದ ಮೇಲೆ ಗುಡಿಯ ಮುಂದೆ ಎಂಥ ಮೌನ ಬಿತ್ತೆಂದರೆ ದೀಪದ ಬತ್ತಿ ಚಟಗುಟ್ಟುವುದು ಕೇಳುತ್ತಿತ್ತು. ಇಲ್ಲಿಯತನಕ ಒದರಿದವರೆಲ್ಲ ನೆಲ ನೋಡತೊಡಗಿದರು. ಗುಡಿ ಕಟ್ಟೆಯ ಮೇಲೆ ಒದರುವುದು ಬೇರೆ, ದೊಡ್ಡ ಸಾಹೇಬರ ಮುಂದೆ ಎಲ್ಲರ ಪರವಾಗಿ ಬಾಯಿ ಬಿಡುವುದು ಬೇರೆ. ಅಣ್ಣಾರಾಯ ಮೊಬೈಲು ನೋಡಿದ. ಸಿದ್ದರಾಮಪ್ಪನಿಗೆ ಕೆಮ್ಮು ಬಂತು.

ಆ ಮೌನದೊಳಗೆ ಸಾತಲಿಂಗಪ್ಪ ನಡೆದು ಬಂದ. ಚಪ್ಪಲಿ ಬಿಟ್ಟ, ದೇವರಿಗೆ ಕೈ ಮುಗಿದ. ಎದುರಿಗೆ ತಟ್ಟೆಯಲ್ಲಿ ಎರಡು ಹಸಿರು ವೀಳ್ಯ, ಲವಂಗ ಚುಚ್ಚಿದವು. ಬಂದವರಿಗೆಂದೇ ಇಟ್ಟಿದ್ದಾರೆ, ದೇವರು ದೊಡ್ಡವನು, ಎಂದುಕೊಂಡು ಬಲಗಡೆಯದನ್ನು ಬಾಯಿಗೆ ಹಾಕಿಕೊಂಡ. ಜನ "ಹಾ!" ಎಂದು ಉಸಿರೆಳೆದುಕೊಂಡರು. ಅವನು ಎಡಗಡೆಯದನ್ನೂ ಎತ್ತಿ ಇನ್ನೊಂದು ದವಡೆಗೆ ತುರುಕಿದ.

"ಎತ್ತಿದ," ಅಂದ ಶಾಂತಲಿಂಗಪ್ಪ. ಆಮೇಲೆ ದನಿ ಇಳಿಸಿ, "ಎರಡೂ ಎತ್ತಿದ."

ಯಾರೋ ಗಂಟೆ ಹೊಡೆದರು. ಸಿದ್ದರಾಮಪ್ಪ ಎದ್ದು ಬಂದು ಬಲಗೈ ಹಿಡಿದ, ಅಣ್ಣಾರಾಯ ಎಡಗೈ ಹಿಡಿದ. ಏನಾಗಿದೆ ಎಂದು ತಿಳಿಸಿ ಹೇಳುವಷ್ಟರಲ್ಲಿ ಸಾತಲಿಂಗಪ್ಪನ ತುಟಿಯ ಎರಡೂ ಕಡೆಯಿಂದ ಕೆಂಪು ರಸ ಇಳಿಯುತ್ತಿತ್ತು.

"ಉಗುಳಿದ್ರ ನಡಿಯೂದಿಲ್ಲೇನ್ರಿ?" ಎಂದು ಅವನು ತುಂಬಿದ ಬಾಯಲ್ಲೇ ಪೂಜಾರಿಯನ್ನು ಕೇಳಿದ.

"ಉಗುಳಿದ್ರ ಊರ ಮಾತ ಉಗುಳಿದಂಗ. ಆಮ್ಯಾಲೆ ನಿನ್ನ ಮನಿ ಕಾರ್ಯಕ್ಕ ಒಬ್ಬರೂ ಬರೂದಿಲ್ಲ ನೋಡು."

ಸಾತಲಿಂಗಪ್ಪ ನುಂಗಿದ.

ಸಂಜೆ ಅವನು ಮನೆಗೆ ಹೋಗುವ ಮೊದಲೇ ಸುದ್ದಿ ಮುಟ್ಟಿತ್ತು. ಹೆಂಡತಿ ಸಾವಿತ್ರಿಬಾಯಿ ಸಂಜೆಯ ರೈಲಿಗೆ ಬಂದು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಎಳೆಬಿಸಿಲಿನಲ್ಲಿ ಒಣಗಿಸಿದ ಅವಳ ಕಡಕ್ ರೊಟ್ಟಿ ಸೊಲ್ಲಾಪುರದ ನಾಲ್ಕು ಖಾನಾವಳಿಗಳಿಗೆ ಹೋಗುತ್ತಿತ್ತು. ಜತೆಗೆ ಶೇಂಗಾ ಚಟ್ನಿ. ಮುಂಜಾನೆ ಪ್ಯಾಸೆಂಜರಿಗೆ ಬುಟ್ಟಿ ಹೊತ್ತು ಹೋಗಿ, ಸಂಜೆ ಅದೇ ರೈಲಿಗೆ ಬರಿ ಬುಟ್ಟಿ ಹಿಡಿದು ಬರುತ್ತಿದ್ದಳು. ಮನೆಯ ಮೇಲಿನ ಪತ್ರಾಸಿನ ತಗಡು, ಅಂಗಳದ ಬೋರು, ಸಾತಲಿಂಗಪ್ಪನ ಟ್ರ್ಯಾಕ್ಟರಿನ ಹಿಂದಿನ ಎರಡು ಗಾಲಿ, ಎಲ್ಲ ಆ ಬುಟ್ಟಿಯಿಂದ ಬಂದದ್ದು.

"ಎರಡೂ ತಿಂದ್ರ್ಯಾ?" ಎಂದಳು, ತಿರುಗಿ ನೋಡದೆ.

"ಹೂಂ."

"ಒಂದ್ ತಿಂದಿದ್ರ ಅರ್ಧಾ ಊರ ನಿಮ್ಮ ಕಡಿ ಇರ್ತಿತ್ತು. ಈಗ ಇಡೀ ಊರು ನಿಮ್ಮ ಮ್ಯಾಲೆ." ಅವಳು ತವೆಯ ಮೇಲೆ ರೊಟ್ಟಿ ಹಾಕಿ, ನೀರು ಸವರಿ, ಆಮೇಲೆ ಮುಖ ತಿರುಗಿಸಿದಳು. "ನಾ ಒಂದ ಮಾತ ಹೇಳ್ತೀನಿ, ಕೇಳ್ರಿ. ಸರಕಾರ ಓಡಸ್ಲಿ, ಕಂಪನಿ ಓಡಸ್ಲಿ, ಇಲ್ಲಾ ಇಬ್ಬರೂ ಕೂಡಿ ಹಿಂದ ನಿಂತು ನೂಕ್ಲಿ. ರೈಲ ನಮ್ಮ ಹಾಲ್ಟಿನ್ಯಾಗ ನಿಂದರಬೇಕು. ಹ್ವಾದ ವರ್ಷ ಒಂದ ದಿನ ರೈಲ ತಪ್ಪಿ ತಮ್ಮನ ಜೀಪಿನ ಮ್ಯಾಲೆ ಬುಟ್ಟಿ ಕಟ್ಟಿದ್ದೆ. ಸೊಲ್ಲಾಪುರದಾಗ ಇಳಿಸಿ ನೋಡಿದ್ರ ರೊಟ್ಟಿ ಇದ್ದಿಲ್ಲ, ಹಿಟ್ಟ ಇತ್ತು. ಹಾಲ್ಟ್ ಹೋತಂದ್ರ ನನ್ನ ಧಂದಾನೂ ಹೋತು. ತಿಳೀತೇನು?"

"ಹೂಂ," ಅಂದ ಸಾತಲಿಂಗಪ್ಪ. ಈ ಸಲ ನಿಜವಾಗಿಯೂ ತಿಳಿದಿತ್ತು.

ಬುಧವಾರ ಮುಂಜಾನೆ ಕಣಕ್ಕೆ ಹೊರಟವನನ್ನು ಸಿದ್ದರಾಮಪ್ಪ ತನ್ನ ಬದುವಿನ ಮೇಲೆ ಅಡ್ಡಗಟ್ಟಿದ. ಸಾತಲಿಂಗಪ್ಪನ ಕಣದಿಂದ ಊರಿಗಾಗಲಿ ರಸ್ತೆಗಾಗಲಿ ಹೋಗಬೇಕಾದರೆ ಆ ಬದುವೊಂದೇ ದಾರಿ.

"ಬಲಗಡಿ ವಿಡೇ ಮೊದಲ ಎತ್ತೀದಿ. ಅಂದ್ರ ನಿನ್ನ ಮನಸ ಸರಕಾರಿ ಕಡಿ ಅದ. ಹೌದಲ್ಲೋ?"

"ಹೂಂ, ಕಾಕಾ."

"ನಾಳಿ ಹಂಗ ಹೇಳ್ಬೇಕು. ಹೇಳ್ಲಿಲ್ಲಂದ್ರ ಈ ಬದುವಿನ ಮ್ಯಾಲೆ ನಿನ್ನ ಟ್ರ್ಯಾಕ್ಟರಿನ ಗಾಲಿ ಉರುಳೂದಿಲ್ಲ. ತೊಗರಿ ತಲಿ ಮ್ಯಾಲೆ ಹೊತ್ತಕೊಂಡ ಹೋಗು."

ಕಣದಲ್ಲಿ ಅಣ್ಣಾರಾಯ ಆಗಲೇ ಬಂದು ತೊಗರಿ ಚೀಲದ ಮೇಲೆ ಕೂತಿದ್ದ.

"ಮಾಮಾ, ಕಡೀಕ ಎತ್ತಿದ್ದು ಎಡಗಡೀದು. ಕಡೀ ಮಾತ ಖರೇ ಮಾತು. ಹೌದಲ್ರಿ?"

"ಹೂಂ."

"ಸೋಮವ್ವ ಆಡಿಕೊಂಡು ನಗ್ತಾಳ, ನಾ ಸುಮ್ಮ ಅದೀನಿ. ನನ್ನ ಅಕ್ಕನ ಗಂಡ ನನ್ನ ಮಾತ ಆಡ್ಲಿಲ್ಲಂದ್ರ ನಾ ಊರಾಗ ಹ್ಯಾಂಗ ತಿರಗ್ಯಾಡ್ಲಿ? ಮತ್ತ ಪಂಚಮಿಗೆ ಅಕ್ಕನ್ನ ಕರೀಲಿಕ್ಕ ಬರೂದಿಲ್ಲ ನೋಡ್ರಿ, ಹೇಳೇನಿ."

ಒಂದು ಕಡೆ ದಾರಿ ಮುಚ್ಚುತ್ತದೆ, ಇನ್ನೊಂದು ಕಡೆ ಹೆಂಡತಿಯ ತವರು ಮುಚ್ಚುತ್ತದೆ, ಒಳಗೆ ಒಲೆಯ ಮುಂದೆ ರೊಟ್ಟಿಯ ಬುಟ್ಟಿ ಕಾಯುತ್ತಿದೆ. ಇಂಥ ಹೊತ್ತಿನಲ್ಲಿ ಬುದ್ಧಿವಂತನಾದವನು ಜ್ವರ ಬರಿಸಿಕೊಳ್ಳುತ್ತಾನೆ. ಸಾತಲಿಂಗಪ್ಪ ಹಣೆ ಮುಟ್ಟಿ ನೋಡಿಕೊಂಡ, ತಣ್ಣಗಿತ್ತು.

ಊರವರಿಗೆ ಮಾತ್ರ ಅವನು ರೈಲಿನ ಅರ್ಧ ಮಾಲೀಕನಂತೆ ಕಾಣತೊಡಗಿದ್ದ. ಸೋಮವ್ವ ಬಂದು ರೈಲನ್ನು ಇನ್ನೊಂದಿಷ್ಟು ಮುಂದೆ, ತನ್ನ ಹಿತ್ತಲ ಎದುರಿಗೇ ನಿಲ್ಲಿಸು ಅಂದಳು. ಇನ್ನೊಬ್ಬ, ಇಂಜಿನ್ನಿನ ಸಿಳ್ಳಿಗೆ ತನ್ನ ಎಮ್ಮೆ ಹಾಲು ಇಳಿಸುವುದಿಲ್ಲ, ಊರು ದಾಟಿದ ಮೇಲೆ ಊದಲಿ ಅಂದ. ಸೊಲ್ಲಾಪುರದ ಎಂಐಡಿಸಿ ಕೈಗಾರಿಕಾ ವಸಾಹತಿನ ಟವೆಲು ಕಾರ್ಖಾನೆಗೆ ಹೋಗುವ ಹುಡುಗರು ಕಿಟಕಿಯ ಸೀಟು ಕೇಳಿದರು. ಎಲ್ಲರಿಗೂ 'ಹೂಂ'. ಸಂಜೆಯ ಹೊತ್ತಿಗೆ, ಸಾತಲಿಂಗಪ್ಪ ಹಾಲ್ಟನ್ನೇ ಗುತ್ತಿಗೆ ಹಿಡಿದಿದ್ದಾನೆ, ಅದಕ್ಕೇ ಎರಡು ವೀಳ್ಯ, ಎಂದು ಮಾತು ತಿರುಗಿತು.

ಆ ಮಾತು ಗುರುಶಾಂತನ ಕಿವಿಗೆ ಬಿತ್ತು.

ಗುರುಶಾಂತ ಹಾಲ್ಟಿನ ಏಜೆಂಟ. ಸೊಲ್ಲಾಪುರದ ದೊಡ್ಡ ಸ್ಟೇಷನ್ನಿನಿಂದ ತನ್ನ ದುಡ್ಡು ಕೊಟ್ಟು ಟಿಕೀಟು ತಂದು, ಹಾಲ್ಟಿನ ಪತ್ರಾಸಿನ ಖೋಲಿಯಲ್ಲಿ ಕೂತು ಮಾರುವುದು, ಮಾರಿದ್ದಕ್ಕೆ ಕಮಿಷನ್ನು ತೆಗೆದುಕೊಳ್ಳುವುದು ಅವನ ಕೆಲಸ. ರೈಲು ಸರಕಾರದ್ದು, ಟಿಕೀಟು ಮಾರುವವನು ಖಾಸಗಿಯವನು; ಎಷ್ಟೋ ವರ್ಷದಿಂದ ಹಾಗೇ ನಡೆದಿತ್ತು, ಗುಡಿಯ ಮುಂದೆ ದಿನವಿಡೀ ಜಗಳಾಡಿದವರಲ್ಲಿ ಒಬ್ಬರಿಗೂ ಅದು ನೆನಪಾಗಿರಲಿಲ್ಲ. ನೆನಪಾಗದಿರಲು ಕಾರಣವಿತ್ತು. ಬೋರಹಿಪ್ಪರಗಿಯಲ್ಲಿ ಟಿಕೀಟು ತೆಗೆಯುವುದು ಪರವೂರಿನವರ ಲಕ್ಷಣ. ಊರ ಮುಂದೆ ನಿಲ್ಲುವ ರೈಲು ಊರಿನದೇ. ಮನೆಯ ಹೊಸ್ತಿಲು ದಾಟಲು ಯಾರಾದರೂ ಟಿಕೀಟು ತೆಗೆಯುತ್ತಾರೆಯೆ? ಮೊಬೈಲಿನಲ್ಲಿ ಟಿಕೀಟು ಸಿಗುತ್ತದೆಂದು ಹುಡುಗರಿಗೆ ಗೊತ್ತಿತ್ತು, ಆದರೆ ಹಾಲ್ಟಿನ ಸುತ್ತಮುತ್ತ ಸಿಗ್ನಲ್ಲೇ ಇರಲಿಲ್ಲ. ಇದ್ದಿದ್ದರೂ ತೆಗೆಯುತ್ತಿರಲಿಲ್ಲ.

"ಕಾಕಾ, ನನ್ನ ಹಾಲ್ಟ್ ನೀವ್ ಹಿಡದೀರಂತ?" ಎಂದು ಗುರುಶಾಂತ ಅಂಗಳದಲ್ಲಿ ನಿಂತು ಕೇಳಿದ.

ಅಕ್ಕಲಕೋಟೆಯಲ್ಲಿ ಹೊಸ ಬೆಲ್ಟು ಸಿಗದೆ ಸಾತಲಿಂಗಪ್ಪ ಹರಿದದ್ದನ್ನೇ ಹೊಲಿಯುತ್ತ ಕೂತಿದ್ದ. "ಹೂಂ," ಅಂದ.

"ಖುಷಿಲೆ ಹಿಡೀರಿ!" ಗುರುಶಾಂತ ಹೆಗಲ ಚೀಲ ತೆಗೆದು ಅವನ ಮುಂದೆ ಇಟ್ಟ, ಅದರ ಮೇಲೆ ಖೋಲಿಯ ಕೀಲಿಕೈ. "ಒಂದ್ ದಿನಾ ಮೂರ ಟಿಕೀಟ ಖರ್ಚ ಆದ್ರ ಅವತ್ತ ನನ್ನ ಮನ್ಯಾಗ ಹೋಳಗಿ. ಅದ್ರಾಗ ಒಂದ್ ನಂದ, ನಾನ ಹರಕೊಂಡದ್ದು. ಇವು ಟಿಕೀಟಿನ ಕಟ್ಟು. ಎಲ್ಲಾ ನನ್ನ ರೊಕ್ಕ ಕೊಟ್ಟ ತಂದದ್ದು. ಮಾರಿ ನನ್ನ ರೊಕ್ಕ ನನಗ ಕೊಡ್ರಿ. ನಾ ಭಂಡಾರಕವಠೆಗೆ ಮಾವನ ಮನೀಗೆ ಹೊಂಟೆ."

ಸಾತಲಿಂಗಪ್ಪ ತಲೆ ಎತ್ತಿ, "ಏ ಗುರುಶಾಂತ, ತಡಿಯೋ, ನೀ ಏನ್ ಕೇಳಿದಿ?" ಅನ್ನುವಷ್ಟರಲ್ಲಿ ಮೋಟರ್‌ಸೈಕಲ್ಲು ಓಣಿ ದಾಟಿತ್ತು.

ಗುರುವಾರ ಮುಂಜಾನೆ ಮಂಜು ಕವಿದಿತ್ತು. ದಿನವೂ ಹತ್ತಿಪ್ಪತ್ತು ಜನ ನಿಲ್ಲುವ ಹಾಲ್ಟಿನಲ್ಲಿ ಅಂದು ಕಾಲಿಡಲು ಜಾಗವಿರಲಿಲ್ಲ. ಬಲಗಡೆ ಬೇವಿನ ಮರದ ಕೆಳಗೆ ಸಿದ್ದರಾಮಪ್ಪನವರು, ಎಡಗಡೆ ನೀರಿನ ನಳದ ಹತ್ತಿರ ಅಣ್ಣಾರಾಯನವರು. ನಡುವೆ, ತಲೆಗೆ ಪಟಕಾ ಸುತ್ತಿಸಿಕೊಂಡು, ಹೆಗಲಿಗೆ ಗುರುಶಾಂತನ ಚೀಲ ಹಾಕಿಕೊಂಡು, ಸಾತಲಿಂಗಪ್ಪ. ಚೀಲ ಮನೆಯಲ್ಲಿಟ್ಟರೆ ಕಳೆದೀತು ಎಂದು ತಂದಿದ್ದ. ಅವನ ಹಿಂದೆ ಸಾವಿತ್ರಿಬಾಯಿ, ಬುಟ್ಟಿಯ ಬಾಯಿಗೆ ಬಿಳಿ ಬಟ್ಟೆ ಬಿಗಿದುಕೊಂಡು.

ರೈಲು ಬರಲಿಲ್ಲ. ಹೊತ್ತು ಏರಿತು.

"ನೋಡ್ರಿ, ಸರಕಾರಿ ವ್ಯಾಳ್ಯಾ!" ಎಂದು ನಳದ ಕಡೆಯಿಂದ ಕೂಗು ಬಂತು.

"ನಿನ್ನ ಕಂಪನಿಯಾವನೂ ಅದರಾಗ ಕುಂತಾನ, ಅವನ್ನ ಕೇಳು!" ಎಂದು ಬೇವಿನ ಕಡೆಯಿಂದ.

ಸಾತಲಿಂಗಪ್ಪ ಚೀಲದ ಪಟ್ಟಿ ಹಿಡಿದು ಹಳಿ ನೋಡುತ್ತಿದ್ದ. ರೈಲು ಬರದಿದ್ದರೆ ಎಷ್ಟು ಚಂದ ಎಂದು ಒಮ್ಮೆ ಅನ್ನಿಸಿತು; ಹಿಂದಿನಿಂದ ಬುಟ್ಟಿಯ ಅಂಚು ಬೆನ್ನಿಗೆ ತಾಗಿತು; ಹಾಗೆ ಅನ್ನಿಸಿದ್ದಕ್ಕೆ ಹೆದರಿಕೆಯಾಯಿತು. ಅಷ್ಟರಲ್ಲಿ ಮಂಜಿನೊಳಗೆ ಇಂಜಿನ್ನಿನ ದೀಪ ಕಂಡಿತು.

ರೈಲು ನಿಂತಿತು. ದಿನದ ರೂಢಿಯಂತೆ ಸಾವಿತ್ರಿಬಾಯಿ ಮೊದಲು ಹತ್ತಿ, ಬಾಗಿಲ ಹತ್ತಿರದ ಸೀಟಿನಲ್ಲಿ ಕೂತು, ಬುಟ್ಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಮುಂದಿನ ಡಬ್ಬಿಯಿಂದ ಕಮಿಟಿಯ ಮೇಡಂ ಇಳಿದರು, ಕೈಯಲ್ಲಿ ಫೈಲು. ಅವರ ಹಿಂದೆ ಕಂಪನಿಯ ಸಾಹೇಬ. ಕೊರಳಲ್ಲಿ ಟೈ, ಮೂಗಿಗೆ ಕರವಸ್ತ್ರ.

"ಬೋಲಾ, ಲವಕರ್ ಬೋಲಾ," ಎಂದು ಮೇಡಂ ಮರಾಠಿಯಲ್ಲಿ ಬೇಗ ಮಾತಾಡಲು ಹೇಳಿದರು.

ಊರು ಉಸಿರು ಹಿಡಿಯಿತು. ಸಾತಲಿಂಗಪ್ಪ ಬಾಯಿ ತೆರೆದ. ಆ ದೊಡ್ಡ ಬಾಯಿ ತೆರೆದೇ ಇತ್ತು, ಅದರಿಂದ ಏನೂ ಬರಲಿಲ್ಲ.

"ಸರಕಾರಿ ಅನ್ನೋ!" ಎಂದು ಬಲಗಿವಿಯಲ್ಲಿ ಸಿದ್ದರಾಮಪ್ಪ.

"ಮಾಮಾ, ಖಾಸಗಿ!" ಎಂದು ಎಡಗಿವಿಯಲ್ಲಿ ಅಣ್ಣಾರಾಯ.

ಮೇಡಂ ಅವನ ಹೆಗಲ ಚೀಲ ನೋಡಿದರು. ಅದರ ಬಾಯಿಯಿಂದ ಟಿಕೀಟಿನ ಕಟ್ಟು ಇಣುಕುತ್ತಿತ್ತು. ಹಾಲ್ಟಿನ ಏಜೆಂಟ ನೀವೇನಾ ಎಂದು ಕೇಳಿದರು.

"ಹೂಂ."

ಇವತ್ತು ಎಷ್ಟು ಟಿಕೀಟು ಮಾರಿದಿರಿ?

ಇದಕ್ಕೆ 'ಹೂಂ' ಉತ್ತರವಾಗುವುದಿಲ್ಲ ಎಂದು ಸಾತಲಿಂಗಪ್ಪನಿಗೂ ಹೊಳೆಯಿತು. ಕಟ್ಟನ್ನು ಹೊರತೆಗೆದ. ಅದರ ದಾರವೇ ಬಿಚ್ಚಿರಲಿಲ್ಲ. ಕಂಪನಿಯ ಸಾಹೇಬ ಆ ಕಟ್ಟನ್ನು ನೋಡಿದ, ಕಿಕ್ಕಿರಿದ ಜನವನ್ನು ನೋಡಿದ, ಕರವಸ್ತ್ರದೊಳಗೇ ನಕ್ಕ. ಮೇಡಂ ಫೈಲು ತೆರೆದು ಬರೆಯುತ್ತ, "ಇಥೇ ಥಾಂಬೂನ್ ಉಪಯೋಗ್ ನಾಹೀ," ಅಂದರು. ಇಲ್ಲಿ ನಿಂತು ಪ್ರಯೋಜನವಿಲ್ಲ. ಸಾಹೇಬ ತಲೆ ಆಡಿಸಿದ. ಅಕ್ಕಲಕೋಟೆಯಿಂದ ಇಲ್ಲಿಯತನಕ ಇಬ್ಬರೂ ಒಂದಲ್ಲ ಒಂದಕ್ಕೆ ಜಗಳಾಡುತ್ತಲೇ ಬಂದಿದ್ದರಂತೆ. ಒಮ್ಮತವಾದದ್ದು ಇದೊಂದೇ ಮಾತಿಗೆ.

ಗಡಿಯ ಊರು, ಮರಾಠಿ ಎಲ್ಲರಿಗೂ ತಿಳಿಯುತ್ತಿತ್ತು. ಬೇವಿನ ಕಡೆಯೂ ನಳದ ಕಡೆಯೂ ಒಟ್ಟಿಗೆ ತಣ್ಣಗಾದವು. ಹಿಂದೆ ಗಾರ್ಡ್ ಹಸಿರು ಬಾವುಟ ಬಿಚ್ಚುತ್ತಿದ್ದ.

ಆಗ ಬಾಗಿಲಿನಿಂದ ಸಾವಿತ್ರಿಬಾಯಿಯ ದನಿ ಬಂತು. "ಏನ್ರಿ, ಹಿಂಗ ಗೂಟ ಹುಗದಂಗ ನಿಂತ್ರ ಹ್ಯಾಂಗ? ಸೊಲ್ಲಾಪುರಕ್ಕ ಒಂದ್ ಟಿಕೀಟ ಕೊಡ್ರಿ!"

ಸಾತಲಿಂಗಪ್ಪ ಓಡಿಹೋಗಿ ಒಂದು ಟಿಕೀಟು ಹರಿದು ಕೊಟ್ಟ. ಮೇಡಂ ಬರೆಯುವುದನ್ನು ನಿಲ್ಲಿಸಿದರು.

"ನನಗೂ ಒಂದ್ ಹರೀ," ಎಂದು ಸೋಮವ್ವ ಸೆರಗಿನ ಗಂಟು ಬಿಚ್ಚಿದಳು. ಅವಳ ಹಿಂದೆ ನಾಲ್ಕಾರು ಹೆಂಗಸರು ಬಂದರು. ಅವರಲ್ಲಿ ಮೂವರು ಸಿದ್ದರಾಮಪ್ಪನ ಮನೆಯವರು. ಅಣ್ಣಾರಾಯ ಅದನ್ನು ಕಂಡ. ಸರಕಾರಿಯವರು ಮುಂದೆ ಹೋಗುವುದೆಂದರೇನು?

"ಮಾಮಾ, ಖಾಸಗಿ ಕಡಿಯಿಂದ ಹತ್ತು!" ಎಂದು ನೋಟು ಎತ್ತಿ ಹಿಡಿದ.

"ಸರಕಾರಿ ಹದಿನೈದು!" ಸಿದ್ದರಾಮಪ್ಪನ ಕೆಮ್ಮು ನಿಂತುಹೋಗಿತ್ತು.

"ಖಾಸಗಿ ಇಪ್ಪತ್ತೈದು!"

"ಖಾಸಗಿ ಇಪ್ಪತ್ತೈದು, ಒಂದನೇ ಸಾರಿ!" ಎಂದು ಶಾಂತಲಿಂಗಪ್ಪ ಕೂಗಿದ. ವರ್ಷವೂ ಗುಡಿಯ ಹುಣಸೆಮರ ಲಿಲಾವು ಹಾಕುವ ಗಂಟಲು ಅದು, ತಾನಾಗಿಯೇ ಕೂಗಿಬಿಟ್ಟಿತು. "ಎರಡನೇ ಸಾರಿ! ಯಾರರೆ ಮ್ಯಾಲೆ?"

ಗಾರ್ಡ್ ಸೀಟಿ ಊದಿದ. ಡ್ರೈವರು ಇಂಜಿನ್ನಿನಿಂದ ತಲೆ ಹೊರಹಾಕಿ ಮೂರು ಭಾಷೆಯಲ್ಲಿ ಬೈದ. ಸಾತಲಿಂಗಪ್ಪನಿಗೆ ಯಾರ ಮುಖವೂ ಕಾಣುತ್ತಿರಲಿಲ್ಲ, ಕೈಗಳಷ್ಟೇ ಕಾಣುತ್ತಿದ್ದವು. ಬಂದ ಕೈಗೆ ಟಿಕೀಟು ಕೊಟ್ಟ, ಬಂದ ದುಡ್ಡನ್ನು ಪಟಕಾ ಬಿಚ್ಚಿ ಅದರಲ್ಲಿ ಹಾಕಿಕೊಂಡ. ಕಟ್ಟು ಮುಗಿಯಿತು, ಚೀಲದ ತಳದಲ್ಲಿದ್ದ ಇನ್ನೊಂದು ಕಟ್ಟೂ ಮುಗಿಯಿತು. ಕೊನೆಯ ಟಿಕೀಟಿಗಾಗಿ ಎರಡು ಪಕ್ಷದವರು ಕೈ ಕೈ ಹಿಡಿದುಕೊಂಡಾಗ ಅದು ಹರಿದು ಎರಡಾಯಿತು.

ಅಲ್ಲಿಗೆ ಮುಗಿಯಬೇಕಿತ್ತು. ಆದರೆ ದುಡ್ಡು ಕೊಟ್ಟು ಕೊಂಡದ್ದನ್ನು ಹಾಳು ಮಾಡುವ ಜನ ಬೋರಹಿಪ್ಪರಗಿಯಲ್ಲಿ ಹುಟ್ಟಿಲ್ಲ. "ಟಿಕೀಟ ತಗದೀವಿ, ಬಿಡೂದ್ಯಾಕ?" ಎಂದು ಮೊದಲು ಹತ್ತಿದವರು ಯಾರೋ ತಿಳಿಯದು. ಪೂಜಾರಿ ಹತ್ತಿದ, ಸ್ವಂತ ಎರಡು ಜೀಪಿದ್ದ ಅಣ್ಣಾರಾಯ ಹತ್ತಿದ, ಸಾತಲಿಂಗಪ್ಪನ ಕಣದ ಆಳುಗಳು ಹತ್ತಿದರು. ಎಲ್ಲ ಡಬ್ಬಿಯ ಎಲ್ಲ ಬಾಗಿಲುಗಳಲ್ಲೂ ಬೋರಹಿಪ್ಪರಗಿ ಜೋತಾಡಿತು. ಗಾರ್ಡ್ ಇನ್ನೊಂದು ಸೀಟಿ ಊದಿದ, ರೈಲು ಹೊರಟಿತು.

"ಅರೇ, ಮಾಝೀ ಗಾಡೀ!" ಎಂದು ಮೇಡಂ ತಮ್ಮ ಗಾಡಿಯ ಹಿಂದೆ ಓಡಿದರು. ಬಾಗಿಲಲ್ಲಿ ಕೈಯಿಡಲೂ ಸ್ಥಳವಿರಲಿಲ್ಲ. ಬಾಗಿಲಲ್ಲಿ ಜೋತಿದ್ದ ಸಿದ್ದರಾಮಪ್ಪ ಅವರಿಗೆ ಬಹಳ ಮರ್ಯಾದೆಯಿಂದ ನಮಸ್ಕಾರ ಮಾಡುತ್ತ ಮಂಜಿನೊಳಗೆ ಮರೆಯಾದ.

ಹಾಲ್ಟಿನಲ್ಲಿ ಮೂವರು ಉಳಿದರು. ಊರಲ್ಲಿ ದನಗಳು, ಹಾಸಿಗೆ ಹಿಡಿದ ಮುದುಕರು ಉಳಿದಿದ್ದರು. ಜೀಪುಗಳ ಕೀಲಿ ಅಣ್ಣಾರಾಯನ ಕಿಸೆಯಲ್ಲಿ ಸೊಲ್ಲಾಪುರಕ್ಕೆ ಹೊರಟಿತ್ತು. ಸಾತಲಿಂಗಪ್ಪ ಕಣಕ್ಕೆ ಹೋಗಿ, ತೊಗರಿ ಚೀಲ ಹೇರಿದ ಟ್ರ್ಯಾಕ್ಟರ್ ತಂದು ನಿಲ್ಲಿಸಿದ. ಕಮಿಟಿ ಚೀಲಗಳ ಮೇಲೆ ಹತ್ತಿ ಕೂತಿತು. ಸಿದ್ದರಾಮಪ್ಪನ ಬದುವಿನ ಮೇಲೆ ಅಡ್ಡಗಟ್ಟುವವರು ಯಾರೂ ಇರಲಿಲ್ಲ.

ಬದುವಿನ ಕೊನೆಯಲ್ಲಿ ಒಂದು ತಗ್ಗು. ಗಾಲಿ ಇಳಿದ ಕೂಡಲೇ ಹಿಂದಿನಿಂದ "ಅಯ್ಯಯ್ಯ, ಯವ್ವಾ!" ಎಂದು ಚೀತ್ಕಾರ ಬಂತು.

ಸಾತಲಿಂಗಪ್ಪ ತಿರುಗಿ ನೋಡಿದ. "ನೀವು ನಮ್ಮವರೇನ್ರಿ, ಬಾಯಾರ?"

"ಇಂಡಿ ಕಡೀಯಾಕಿ," ಎಂದು ಮೇಡಂ ಸೊಂಟ ಹಿಡಿದುಕೊಂಡು ಅಂದರು. "ಮುಂದ ನೋಡಿ ಹೊಡೀರಿ ಮೊದಲ!"

ಕಂಪನಿಯ ಸಾಹೇಬನಿಗೆ ತೊಗರಿಯ ಹೊಟ್ಟು ಟೈಯೊಳಗೆ ಇಳಿದು ಮೈಯೆಲ್ಲ ಕೆರೆತ ಹಚ್ಚಿತ್ತು. ಕೆರೆದುಕೊಳ್ಳುತ್ತಲೇ ಅವನು ಹಿಂದಿಯಲ್ಲಿ, ಇದೆಲ್ಲ ನಾಟಕ, ಹಾಲ್ಟು ತೆಗೆಯಲೇಬೇಕು ಅಂದ. ನಾಟಕವಿರಬಹುದು, ಟಿಕೀಟು ನಿಜವಾದದ್ದೇ ತಾನೆ, ಎಂದರು ಮೇಡಂ. ಇಷ್ಟು ಮಾರಿದ ದಿನ ಮುಚ್ಚಿರೆಂದು ಬರೆದರೆ ಮೇಲಿನವರು ನನ್ನನ್ನೇ ಕೇಳುತ್ತಾರೆ. ಅವರ ಜಗಳ ರಸ್ತೆ ಬರುವ ತನಕ ನಡೆಯಿತು. ಸಾತಲಿಂಗಪ್ಪನ ಕಿವಿ ಹಿಂದಕ್ಕೇ ಇತ್ತು. ಎರಡು ಸಲ ಟ್ರ್ಯಾಕ್ಟರು ಗಿಡಕ್ಕೆ ಬಡಿಯುವುದು ತಪ್ಪಿತು.

ಕುಂಭಾರಿಯ ಕಡೆಗೆ ಹೋಗುವ ಬಸ್ಸು ದೂರದಲ್ಲಿ ಕಂಡಾಗ ಮೇಡಂ ಕೆಳಗಿಳಿದು ಸೀರೆ ಕೊಡವಿದರು.

"ಈಗರೆ ಹೇಳ್ರಿ ಯಜಮಾನರ, ನಿಮ್ಮೂರಿಗೆ ಸರಕಾರಿ ಬೇಕೋ ಖಾಸಗಿ ಬೇಕೋ?"

ಸಾತಲಿಂಗಪ್ಪ 'ಹೂಂ' ಅನ್ನಲು ಹೋಗಿ ತಡೆದ. ಪಟಕಾ ಇಲ್ಲದ ತಲೆ ಕೆರೆದುಕೊಂಡ. "ರೊಟ್ಟಿ ಮುರೀಬಾರದ್ರಿ," ಅಂದ. "ಬುಟ್ಟಿ ತೊಡಿ ಮ್ಯಾಲೆ ಇಟ್ಟಕೊಂಡ ಹೋಗಾಕ ಬರಬೇಕು. ಯಾರ ಓಡಿಸಿದ್ರೂ."

ಅವನೇನು ಹೇಳಿದ ಎಂದು ಸಾಹೇಬ ಕೇಳಿದ. ಮೇಡಂ ಫೈಲು ತೆರೆದರು. "ಆರ್ ತಿಂಗಳ ಹಾಲ್ಟ್ ಇರ್ಲಿ ಅಂತ ಬರೀತೀನಿ," ಅಂದರು. "ದಿನಾ ಎಷ್ಟ ಟಿಕೀಟ ಖರ್ಚ ಆಗ್ತಾವ ಅಂತ ಮುಂಬೈದಾಗ ನೋಡ್ತಾರ. ನಾಳಿಯಿಂದನ ನೋಡ್ತಾರ. ಒಂದ ದಿನ ಖಾಲಿ ಬಿತ್ತು ಅಂದ್ರ ನನ್ನ ಕೈಯಾಗಿಲ್ಲ, ತಿಳೀತಿಲ್ಲೋ?"

ಸಂಜೆಯ ರೈಲಿಗೆ ಊರು ಮರಳಿತು. ಸೊಲ್ಲಾಪುರದಲ್ಲಿ ಮಾಡುವ ಕೆಲಸವೇನೂ ಇಲ್ಲದೆ ಎಲ್ಲರೂ ಸ್ಟೇಷನ್ನಿನ ಹೊರಗೆ ಕೂತು ಭಜಿ ತಿಂದು ಬಂದಿದ್ದರು. ಗೆದ್ದದ್ದು ಸರಕಾರಿಯೆಂದು ಸಿದ್ದರಾಮಪ್ಪನೂ, ಖಾಸಗಿಯೆಂದು ಅಣ್ಣಾರಾಯನೂ ಹೇಳಿಕೊಂಡು ತಿರುಗಿದರು. ಸಾತಲಿಂಗಪ್ಪನಿಗೆ ಅದಾವುದೂ ಬೇಕಿರಲಿಲ್ಲ. ಆರು ತಿಂಗಳ ಮಾತನ್ನು ಹೆಂಡತಿಗೆ ಹೇಳಲು ಮನೆಗೆ ಓಡಿದ. ಪಡಸಾಲೆಯಲ್ಲಿ ಗುರುಶಾಂತ ಕೂತಿದ್ದ. ಭಂಡಾರಕವಠೆಗೂ ಸುದ್ದಿ ಹೋಗಿತ್ತು. ಸಾತಲಿಂಗಪ್ಪ ಮಧ್ಯಾಹ್ನವೇ ತಂದಿಟ್ಟಿದ್ದ ಚೀಲ ತೆಗೆದುಕೊಂಡು, ಪಟಕಾದ ಗಂಟು ಬಿಚ್ಚಿ ಆಗಲೇ ಎಣಿಸಿ ಮುಗಿಸಿದ್ದ.

"ಹರದ ಟಿಕೀಟಿನ ರೊಕ್ಕ ಸಹಿತ ಬಂದದ ಕಾಕಾ. ಒಂದರದ ಮಾತ್ರ ಕಮ್ಮಿ."

ಸಾತಲಿಂಗಪ್ಪನಿಗೆ ತಕ್ಷಣ ನೆನಪಾಯಿತು. ಒಳಗೆ ಇಣುಕಿ, "ಮುಂಜಾನಿ ಟಿಕೀಟ ತೊಗೊಂಡೆಲ್ಲಾ, ಅದರ ರೊಕ್ಕ?" ಅಂದ, ಆದಷ್ಟು ಮೆತ್ತಗೆ.

ಸಾವಿತ್ರಿಬಾಯಿಯ ಕೈ ರೊಟ್ಟಿಯ ಮೇಲೆ ನಿಂತಿತು. "ನಿಮ್ಮ ಮನಿಗೆ ಬಂದ ದಿನದಿಂದ ನಾ ಬಡದ ರೊಟ್ಟಿ ತಿಂತೀರಿ. ಯಾವ ಖಿಡಕ್ಯಾಗ ಟಿಕೀಟ ತಗದಿದ್ರಿ?"

ಗುರುಶಾಂತ ಸೂರು ನೋಡಿದ. ಸಾತಲಿಂಗಪ್ಪ ಅಂಗಿಯ ಒಳಗಿಸೆಗೆ ಕೈ ಹಾಕಿ, ಬೆಲ್ಟಿಗೆಂದು ಇಟ್ಟುಕೊಂಡಿದ್ದ ದುಡ್ಡಿನಿಂದ ಒಂದು ಟಿಕೀಟಿನ ಬಾಕಿ ತೀರಿಸಿದ. ಆಮೇಲೆ ಮೇಡಂ ಹೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿ, ಇನ್ನೊಂದು ನೋಟು ಮುಂದೆ ಹಿಡಿದ.

"ನಾಳಿಯಿಂದನ ನೋಡ್ತಾರಂತ. ಇಕೀದು ನಾಳಿ ಮುಂಜಾನಿ ಟಿಕೀಟ ಈಗ ಹರದ ಕೊಟ್ಟಬಿಡು. ಊರ ತಗೀಲಿ ಬಿಡ್ಲಿ, ನಮ್ಮ ಮನೀದರೆ ಒಂದ್ ಲೆಕ್ಕಕ್ಕ ಬೀಳ್ಲಿ."

ಗುರುಶಾಂತ ಬರಿದಾದ ಚೀಲವನ್ನು ತಲೆಕೆಳಗು ಮಾಡಿ ಕೊಡವಿದ. ಅದರಿಂದ ತೊಗರಿಯ ಹೊಟ್ಟು ಉದುರಿತು.

"ಟಿಕೀಟ ಎಲ್ಲ್ಯಾವ ಕಾಕಾ? ಎಲ್ಲಾ ನೀವ ಮಾರೀರಿ, ನಾಳಿ ಲೆಕ್ಕಕ್ಕ ಒಂದೂ ಉಳದಿಲ್ಲ. ಹೊಸಾವ ತರಬೇಕಂದ್ರ ಸೊಲ್ಲಾಪುರಕ್ಕ ಹೋಗಬೇಕು. ನಾಳಿ ಮುಂಜಾನಿ, ಅದ ರೈಲಿಗೆ." ಅವನು ಬರಿ ಚೀಲ ಮಡಚಿ ಬಗಲಿಗೆ ಇಟ್ಟುಕೊಂಡ. "ಟಿಕೀಟ ಇಲ್ದ."